ಹಗ್ಗ ಮುಟ್ಟಿದವರ ಪಾಲು

“ಹಲ್ಲು ಕಾಣಿಸಮ್ಮ, ಹಲ್ಲು. ನಿನ್ನ ಮುಚ್ಚಿದ ಬಾಯಿ ನೋಡೋಕೆ ಇವರು ಸಮುದ್ರ ದಾಟಿ ಬಂದಿಲ್ಲ.”

ಸಾಲಾಗಿ ನಿಂತಿದ್ದ ಹೆಂಗಸರಲ್ಲಿ ಕೊನೆಯವಳು ಹಲ್ಲು ಕಾಣಿಸಿದಳು. ಮೇಲಿನ ಸಾಲಿನಲ್ಲಿ ಎರಡು ಇರಲಿಲ್ಲ. ಮ್ಯಾನೇಜರ್ ಗ್ಯಾರಿಕ್ ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ತೂಗುಹಾಕಿದ ಪಟ ನೆಟ್ಟಗಿದೆಯೇ ಎಂದು ನೋಡುವವನಂತೆ ತಲೆ ಓರೆಮಾಡಿ ನೋಡಿದ.

“ಪರವಾಗಿಲ್ಲ, ಹಾಗೇ ಇರಲಿ. ಬಡತನ ಚೆನ್ನಾಗಿ ಕಾಣುತ್ತೆ. ಆದರೆ ಫೋಟೋ ತೆಗೆಯುವಾಗ ಎಡಕ್ಕೆ ತಿರುಗಿ ನಗಬೇಡ.”

ಆ ಹೆಂಗಸಿನ ಮೈಮೇಲೆ ಕೆಂಪು ಚೌಕುಳಿಯ ಲಂಗ, ತಲೆಗೆ ಅದೇ ಬಟ್ಟೆಯ ರುಮಾಲು, ಕತ್ತಿನಲ್ಲಿ ಕವಡೆ ಸರ, ಸರದ ಕೆಳಗೆ ಪ್ಲಾಸ್ಟಿಕ್ಕಿನ ಗುರುತು ಚೀಟಿ. ಹಲಗೆ ಹಾಸಿದ ದಾರಿಯ ಮೇಲೆ ಗಾಲಿಕುರ್ಚಿ ತಳ್ಳಿಕೊಂಡು ಬರುತ್ತಿದ್ದ ಐಸಿಲ್ಡಾಗೆ ಮೊದಲು ಕಂಡದ್ದು ಆ ಲಂಗ, ಆಮೇಲೆ ಲಂಗದ ಕೆಳಗಿನ ಎಡಪಾದ, ಆ ಪಾದದ ಅಂಚಿಗೆ ಅಂಟಿಕೊಂಡ ಆರನೆಯ ಬೆರಳು. ಕೈ ತಾನಾಗಿ ಬ್ರೇಕಿನ ಮೇಲೆ ಹೋಯಿತು. ಕುರ್ಚಿ ಗಕ್ಕನೆ ನಿಂತು, ಅದರಲ್ಲಿದ್ದ ಮಿಸೆಸ್ ಥರ್ಲೋ ಮುಂದಕ್ಕೆ ವಾಲಿದಳು.

“ನನ್ನ ಕೆಡವಬೇಕು ಅಂತಿದ್ದೀಯಾ ಐಸಿಲ್ಡಾ?”

“ಇಲ್ಲ ಮೇಡಂ. ಹಲಗೆ ಎದ್ದಿತ್ತು.”

ಆ ಆರು ಬೆರಳಿನವಳು, ಅಕ್ಕ ಯೂಲಾಲಿಯೂ ತಂಗಿಯನ್ನು ನೋಡಿದ್ದಳು. ನೋಡಿದ ಕಣ್ಣು ಅರೆಗಳಿಗೆ ಅಲ್ಲೇ ನಿಂತು, ಬಿಸಿ ಪಾತ್ರೆ ಮುಟ್ಟಿದ ಬೆರಳಿನಂತೆ ಹಿಂದೆ ಸರಿಯಿತು. ಅವಳು ಮುಂದೆ ಬಂದು ಮಿಸೆಸ್ ಥರ್ಲೋಳ ಕೊರಳಿಗೆ ಕವಡೆ ಹಾರ ಹಾಕಿದಳು.

“ಬಡ ಬೆಸ್ತರ ಹಳ್ಳಿಗೆ ಸುಸ್ವಾಗತ ತಾಯಿ. ನಮ್ಮಲ್ಲಿ ಏನೂ ಇಲ್ಲ, ಪ್ರೀತಿ ಮಾತ್ರ ಇದೆ.”

ಬಾಯಿಪಾಠದ ಮಾತು. ಹಾರ ಹಿಡಿದ ಇನ್ನೊಂದು ಕೈ ಐಸಿಲ್ಡಾಳ ಕಡೆಗೆ ಬಂದು ಅವಳ ಮಣಿಕಟ್ಟಿನ ಬಳಿ ತಡೆಯಿತು. ಮಿಸೆಸ್ ಥರ್ಲೋಳ ಕೈಯಲ್ಲಿದ್ದದ್ದು ಚಿನ್ನದ ಬಣ್ಣದ ಪಟ್ಟಿ. ಐಸಿಲ್ಡಾಳದು ಬೂದಿ ಬಣ್ಣದ್ದು. ಬೂದಿ ಪಟ್ಟಿ ಆಳುಗಳದು. ಅವರಿಗೆ ಹಾರವಿಲ್ಲ, ಆರಾಮ ಕುರ್ಚಿಯಿಲ್ಲ, ನೀರಿಗಿಳಿಯುವ ಹಾಗೂ ಇಲ್ಲ. ಯೂಲಾಲಿ ಹಾರವನ್ನು ಬುಟ್ಟಿಗೆ ಹಾಕಿ ಹಿಂದಿನ ಗಾಲಿಕುರ್ಚಿಯತ್ತ ನಡೆದಳು. ಮೂವತ್ತು ವರ್ಷಗಳ ಮೇಲೆ ಅಕ್ಕ ಅಷ್ಟು ಹತ್ತಿರದಲ್ಲಿ ಹಾದುಹೋದಾಗ ಐಸಿಲ್ಡಾಳ ಮೂಗಿಗೆ ಬಡಿದದ್ದು ಮೀನಿನ ವಾಸನೆಯಲ್ಲ, ನೆಲ ಒರೆಸುವ ಫಿನಾಯಿಲಿನದು.

ಹಡಗಿನವರು ಹೇಳಿದ ಪ್ರಕಾರ ಈ ಊರಿನ ಹೆಸರು ‘ಕಡಲ್ಗಳ್ಳರ ಕೊಲ್ಲಿ’. ಅಂಥ ಊರೊಂದು ಭೂಮಿಯ ಮೇಲಿರುವುದು ಐಸಿಲ್ಡಾಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಹಡಗಿನ ಮೊಗಸಾಲೆಯಲ್ಲಿ ಮಿಸೆಸ್ ಥರ್ಲೋಳ ತಲೆ ಬಾಚುತ್ತಿರುವಾಗ ಬಿಸಿಲೇರಿ, ಮೊಟ್ಟೆಯ ಮೇಲೆ ಕೂತ ಕೋಳಿಯಂಥ ಬಂಡೆಯೊಂದು ನೀರಿನಿಂದೆದ್ದು ಬಂತು. ಕೋಳಿಬಂಡೆ. ಅದರ ಹಿಂದೆ ಗಿನೆಪ್ ಕೊಲ್ಲಿ. ಅವಳು ಹುಟ್ಟಿ ಬೆಳೆದು, ಇಪ್ಪತ್ತೆರಡರ ವಯಸ್ಸಿನಲ್ಲಿ ಟೊರಾಂಟೋಗೆ ಮನೆಗೆಲಸಕ್ಕೆಂದು ಬಿಟ್ಟುಹೋದ ಊರು.  “ಬಾಚಣಿಗೆ ನೆತ್ತಿಗೆ ಚುಚ್ತಾ ಇದೆ,” ಎಂದಳು ಮಿಸೆಸ್ ಥರ್ಲೋ.

ಇಳಿದು ನೋಡಿದರೆ ಕೋಳಿಬಂಡೆಯೊಂದನ್ನು ಬಿಟ್ಟು ಅವಳ ಗುರುತಿನದು ಏನೂ ಉಳಿದಿರಲಿಲ್ಲ. ಕಾಡುಬಾದಾಮಿ ಮರಗಳನ್ನು ಕಡಿದಿದ್ದರು. ಅವುಗಳ ಜಾಗದಲ್ಲಿ ಬೇರೆಲ್ಲಿಂದಲೋ ಕಿತ್ತು ತಂದ ತೆಂಗಿನ ಮರಗಳು ಊರುಗೋಲಿನ ಆಸರೆಯಲ್ಲಿ, ಆಸ್ಪತ್ರೆಯಿಂದ ಆಗಷ್ಟೇ ಬಂದವರ ಹಾಗೆ ನಿಂತಿದ್ದವು. ದೋಣಿ ಎಳೆದು ಹಾಕುತ್ತಿದ್ದಲ್ಲಿ ಒಡೆದ ಹಡಗಿನ ಆಕಾರದ ಹೆಂಡದಂಗಡಿ. ಅದರ ನೆತ್ತಿಯ ಮೇಲೆ ತಲೆಬುರುಡೆಯ ಬಾವುಟ. ಕಡಲ್ಗಳ್ಳರು ಈ ಕೊಲ್ಲಿಗೆ ಬಂದದ್ದನ್ನು ಊರಲ್ಲಿ ಯಾರೂ ಕೇಳಿದವರಲ್ಲ. ಬಂದಿದ್ದರೂ ಒಯ್ಯುವುದಕ್ಕೆ ಅವರಿಗೆ ಮರಗೆಣಸಿನ ರೊಟ್ಟಿ ಬಿಟ್ಟು ಏನೂ ಸಿಗುತ್ತಿರಲಿಲ್ಲ. ಊರು ಇದ್ದ ಕಡೆಗೆ ಆಳೆತ್ತರದ ತಂತಿಬೇಲಿ, ಬೇಲಿ ಕಾಣದಂತೆ ಒತ್ತಾಗಿ ಬೆಳೆಸಿದ ದಾಸವಾಳ. ಹೂವೆಲ್ಲ ಈ ಕಡೆ ಮುಖಮಾಡಿ ಅರಳಿದ್ದವು.

ಅಕ್ಕ ಫೋನಿನಲ್ಲಿ ಯಾವತ್ತೂ ಇದನ್ನು ಹೇಳಿರಲಿಲ್ಲ. ದೊಡ್ಡ ಕಂಪನಿಯೊಂದು ಬಂದಿದೆ, ತಾನು ಅದರ ಮೀನು ವಿಭಾಗದಲ್ಲಿದ್ದೇನೆ ಎನ್ನುತ್ತಿದ್ದಳು. ಬಿಳಿ ಕೋಟು ತೊಟ್ಟು, ರಬ್ಬರಿನ ಕೈಗವಸು ಹಾಕಿಕೊಂಡು ಮೀನು ತೂಗಿಸುವ ಅಕ್ಕನನ್ನು ಐಸಿಲ್ಡಾ ಕಲ್ಪಿಸಿಕೊಂಡು ಹಿಗ್ಗಿದ್ದಳು. ತಾನು ಮಾತ್ರ ನಿಜ ಹೇಳಿದ್ದಳೇ? ಮನೆಗೆಲಸ ಬಿಟ್ಟು ಆಸ್ಪತ್ರೆಯಲ್ಲಿ ನರ್ಸಾದೆ ಎಂದಿದ್ದಳು. ಅಕ್ಕ ಊರಿಗೆಲ್ಲ ‘ನಮ್ಮ ನರ್ಸಮ್ಮ’ ಎಂದು ಹೇಳಿಕೊಂಡು ತಿರುಗಿದ್ದಳು.

ಮಿಸೆಸ್ ಥರ್ಲೋ ಛತ್ರಿಯ ಕೆಳಗೆ ಹಣ್ಣಿನ ಪಾನಕ ಕುಡಿದು ತೂಕಡಿಸತೊಡಗಿದಾಗ ಐಸಿಲ್ಡಾ ಪಾಯಖಾನೆ ಹುಡುಕುವವಳಂತೆ ಎದ್ದಳು. ತೋರಿಕೆಗೆ ಕಟ್ಟಿದ ಗರಿಯ ಗುಡಿಸಲುಗಳ ಹಿಂದೆ ತಗಡಿನ ಒಂದು ಕೊಟ್ಟಿಗೆ. ಅದರೊಳಗೆ ಯೂಲಾಲಿ ಶೀತಲ ಪೆಟ್ಟಿಗೆಯ ಮುಚ್ಚಳ ತೆಗೆದು, ಹಿಮ ಹಿಡಿದ ಮೀನುಗಳನ್ನು ಒಂದೊಂದಾಗಿ ಬಕೆಟ್ಟಿಗೆ ಎತ್ತಿ ಹಾಕುತ್ತಿದ್ದಳು. ಅವು ಸೌದೆಯ ಹಾಗೆ ಸದ್ದು ಮಾಡುತ್ತಿದ್ದವು.

“ಇಲ್ಲಿಗೆ ಬರೋ ಹಂಗಿಲ್ಲ,” ಎಂದಳು ಯೂಲಾಲಿ, ತಲೆ ಎತ್ತದೆ. “ಗೆಸ್ಟುಗಳಿಗೆ ಈ ಕಡೆ ದಾರಿ ಇಲ್ಲ.”

“ನಾನೇನು ಗೆಸ್ಟಾ ಅಕ್ಕ?”

“ಕೈಲಿ ಪಟ್ಟಿ ಐತಲ್ಲ.”

“ಬೂದಿ ಪಟ್ಟಿ ಕಣಕ್ಕ. ಕುರ್ಚಿ ಮ್ಯಾಲೆ ಕುಂಡಿ ಊರೋ ಹಂಗಿಲ್ಲ ನಾನು.”

ಯೂಲಾಲಿ ಈಗ ನೆಟ್ಟಗಾಗಿ ತಂಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ತಿಳಿನೀಲಿ ನಿಲುವಂಗಿ, ಎದೆಯ ಮೇಲೆ ಆಳು ಒದಗಿಸುವ ಕಂಪನಿಯ ಹೆಸರು, ಜೇಬಿನಲ್ಲಿ ಮುದುಕಿಯ ಮಾತ್ರೆಗಳ ಡಬ್ಬಿ.

“ನರ್ಸು ಅಂದಿದ್ದೆ.”

“ನೀನು ಮೀನು ವಿಭಾಗ ಅಂದಿದ್ದೆ.”

“ಸುಳ್ಳಾ? ಇದೇ ವಿಭಾಗ. ಇವೇ ಮೀನು.” ಯೂಲಾಲಿಯ ತುಟಿಯ ಕೊನೆ ನಡುಗಿ ನಗು ಸಿಡಿಯಿತು. ಬಾಯಿಗೆ ಲಂಗದ ಚುಂಗು ತುರುಕಿಕೊಂಡು, ಸದ್ದಾಗದಂತೆ ನಕ್ಕಳು. ಐಸಿಲ್ಡಾಗೂ ತಡೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ಇಗರ್ಜಿಯ ಬೆಂಚಿನಲ್ಲಿ ನಕ್ಕಂತೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಯಾವ ಮೀನಕ್ಕ ಇವು? ನಮ್ಮ ಕಡಲಿನವಲ್ಲ.”

“ಕೆರೆ ಮೀನು. ಜಿಲೇಬಿ ಅಂತಾರೆ. ವಿಮಾನದಾಗೆ ಬಂದವೆ. ಬದುಕಿದ್ದಾಗ ಸಮುದ್ರ ಕಂಡೇ ಇರ್ಲಿಲ್ಲ ಮುಂಡೇವು, ಸತ್ತ ಮ್ಯಾಲೆ ದಿನಕ್ಕೆ ಎರಡು ಸಲ ಈಜ್ತವೆ. ಮುಂಚೇನೇ ಬಲೆಗೆ ತುಂಬಿ ನೀರಾಗೆ ಬಿಡ್ತೀವಿ. ಅವ್ರು ಬಂದು ಎಳೀತಾರೆ, ಫೋಟೋ ಹೊಡ್ಕತಾರೆ. ಮತ್ತೆ ಪೆಟ್ಟಿಗೆಗೆ. ಮಧ್ಯಾಹ್ನ ಇನ್ನೊಂದು ಹಡಗು ಬತ್ತದೆ, ಮತ್ತೆ ಬಲೆಗೆ.” ಬಾಲ ಮುರಿದ ಒಂದನ್ನು ಎತ್ತಿ ತೋರಿಸಿದಳು. “ಇವನಿಗೆ ಇಗರ್ಜಿ ಡೀಕನ್ನು ಅಂತ ಹೆಸ್ರಿಟ್ಟೀವಿ. ತಿಂಗಳಿಂದ ದಿನಾ ಸಿಕ್ಕಾಕ್ಕತಾ ಅವ್ನೆ. ಎಷ್ಟು ಬುದ್ಧಿ ಹೇಳುದ್ರೂ ಕೇಳಾಕಿಲ್ಲ.”

“ತಿನ್ನೋದೇ ಇಲ್ವಾ?”

“ತಿನ್ನೋದಾ? ನಮ್ ಜೊತೆ ಕೆಲ್ಸಕ್ಕಿದ್ದ ವಿನೆಟ್ಟು ಒಂದನ್ನ ಲಂಗದಾಗೆ ಸಿಗಿಸ್ಕೊಂಡು ಓಯ್ತಾ ಇದ್ಲು. ಗೇಟಲ್ಲಿ ಲಂಗ ಎತ್ಸಿ ನೋಡುದ್ರು. ಎಲ್ಲಾರ ಮುಂದೆ. ಎತ್ಸಿದ್ದು ಯಾರು ಗೊತ್ತಾ? ಆರ್ವಿಲ್ಲು. ಅವಳ ಸ್ವಂತ ಅಣ್ಣನ ಮಗ.” ಯೂಲಾಲಿ ಮೀನನ್ನು ಬಕೆಟ್ಟಿಗೆ ಒಗೆದಳು. “ಅವನ್ನ ಬಯ್ದು ಏನು ಬಂತು. ಆ ಬೋಳಿಮಗ ಗ್ಯಾರಿಕ್ಕು ಅಲ್ಲೇ ನಿಂತು ಎತ್ಸು ಅಂದ, ಅವಳ ಚೀಟಿ ಕಿತ್ಕೊಂಡು ಆಚೆ ಹಾಕ್ದ.”

ಆಮೇಲೆ ಬರಬೇಕಾಗಿದ್ದ ಮಾತು ಬಂತು.

“ಅವ್ವನ ಮಣ್ಣಿಗೆ ಬರ್ಲಿಲ್ಲ ನೀನು.”

“ಆಗ ನಂಗೆ ಅಲ್ಲಿರೋ ಹಕ್ಕಿನ ಕಾಗದ ಆಗಿರ್ಲಿಲ್ಲ ಅಕ್ಕ. ಬಂದಿದ್ರೆ ವಾಪಸ್ ಬಿಡ್ತಿರ್ಲಿಲ್ಲ.”

“ಗೊತ್ತು. ಬಯ್ತಾ ಇಲ್ಲ. ನೀನು ಪೀಪಾಯಿ ಕಳ್ಸಿದ್ದೆ. ಸೋಪು, ಅಕ್ಕಿ, ಡಬ್ಬಿ ಮೀನು. ಕಂಪ್ನಿ ಬೇಲಿ ಹಾಕಿತ್ತು, ದೋಣಿ ಇಳ್ಸೋ ಹಂಗಿರ್ಲಿಲ್ಲ. ಒಂಬತ್ತನೇ ರಾತ್ರಿ ಊರೆಲ್ಲ ಬಂದು ಕೂತ್ರು. ಡಬ್ಬಿ ಒಡ್ದು ಬಡಿಸ್ದೆ. ಈ ಕಡಲಿಂದ ಜೀವಮಾನವೆಲ್ಲ ಊರಿಗೆ ಮೀನಿನ ಪಾಲು ಹಾಕ್ದೋಳ ತಿಥೀಲಿ ಕೆನಡಾದ ಡಬ್ಬಿ ಮೀನು. ತಿಂದೋರೆಲ್ಲ ಚೆನ್ನಾಗೈತೆ ಅಂದ್ರು. ಅದೇ ನಂಗೆ ತಡ್ಕಳಾಕಾಗ್ಲಿಲ್ಲ.”

ಐಸಿಲ್ಡಾ ಪ್ರತಿ ಕ್ರಿಸ್‌ಮಸ್ಸಿಗೂ ಆ ಡಬ್ಬಿಗಳನ್ನು ಒಂದೊಂದಾಗಿ ಆರಿಸಿ, ಬಟ್ಟೆಗಳ ನಡುವೆ ಅಲ್ಲಾಡದಂತೆ ಇಟ್ಟು, ಮುಚ್ಚಳದ ಮೇಲೆ ಕೂತು ಪೀಪಾಯಿ ಮುಚ್ಚಿದ್ದಳು. 

“ಒಂದು ಮಾತು ಕೇಳು ಸಿಲ್ಡಾ,” ಎಂದಳು ಯೂಲಾಲಿ, ಕತ್ತಿನ ಚೀಟಿಯನ್ನು ಬೆರಳಲ್ಲಿ ಹಿಡಿದು. “ಇಲ್ಲಿ ನನ್ನ ಗುರುತು ಹಿಡೀಬ್ಯಾಡ. ಅಕ್ಕ ಅನ್ಬ್ಯಾಡ. ಇದು ಕತ್ತಲ್ಲಿರೋ ತನಕ ದಿನಾ ಈ ಮರಳು ತುಳೀತೀನಿ. ಇದು ಓಯ್ತು ಅಂದ್ರೆ ಬೇಲಿ ಆಚೆ ನಿಂತು ವಾಸ್ನೆ ಕುಡೀಬೇಕು ಅಷ್ಟೆ. ಸಂಬಳ ಹಾಳಾಗೋಗ್ಲಿ, ಎಲ್ಲಾದ್ರೂ ನೆಲ ಒರಸ್ತೀನಿ. ಕಡಲು ಎಲ್ಲಿಂದ ತರ್ಲಿ?”

ಐಸಿಲ್ಡಾ ತಲೆಯಾಡಿಸಿದಳು. ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು.

“ಮೇಡಂ, ಈ ಮುದುಕಿ ನಿಮ್ಮ ಹತ್ತಿರ ದುಡ್ಡೇನಾದರೂ—” ಎಂದು ಒಳಬಂದ ಗ್ಯಾರಿಕ್‌ಗೆ ಐಸಿಲ್ಡಾಳ ಕೈಯ ಪಟ್ಟಿ ಕಂಡಿತು. ಮುಖದ ಮೇಲಿನ ನಗು ಅಂಗಡಿಯ ದೀಪದಂತೆ ಆರಿತು. “ಏನಮ್ಮ, ನಿನಗಿಲ್ಲೇನು ಕೆಲಸ? ನಿನ್ನ ಯಜಮಾನಿ ಅಲ್ಲಿ ಬಿಸಿಲಲ್ಲಿ ಬೇಯ್ತಾ ಇದ್ದಾರೆ.”

“ಪಾಯಖಾನೆ ದಾರಿ ಕೇಳ್ದೆ ಸರ್.”

“ದಾರಿ ಹೇಳೋಕೆ ಇಷ್ಟು ಹೊತ್ತಾ?” ಅದು ಯೂಲಾಲಿಗೆ. “ಇನ್ನೊಂದು ದೂರು ಬರಲಿ, ಆ ಚೀಟಿ ಕಿತ್ಕೊಂಡು ಆಚೆ ಹಾಕ್ತೀನಿ. ನಿನ್ನ ಜಾಗಕ್ಕೆ ಹಲ್ಲಿರೋರು ಬೇಕಾದಷ್ಟು ಜನ ಕಾಯ್ತಾ ಇದ್ದಾರೆ.”

“ಆಗ್ಲಿ ಸಾರ್,” ಎಂದಳು ಯೂಲಾಲಿ. ಆಮೇಲೆ ನೆನಪಾಗಿ ಹಲ್ಲು ಕಾಣಿಸಿದಳು.

ಅವರ ಅವ್ವ ಅಡಾಸಾ ಪಾಲು ಹಾಕುತ್ತಿದ್ದ ಕಾಲದಲ್ಲಿ ರಂಪಣಿ ಬಲೆ ಎಳೆಯುವುದೆಂದರೆ ಊರಿಗೆ ಊರೇ ಬಂದು ನಿಲ್ಲುತ್ತಿತ್ತು. ದೋಣಿ ಬಲೆಯನ್ನು ಕೊಲ್ಲಿಯ ಸುತ್ತ ಬಿಟ್ಟು ಬರುತ್ತಿತ್ತು. ಎರಡು ಕಡೆಯ ಹಗ್ಗವನ್ನು ದಡದಲ್ಲಿ ನಿಂತವರು ಎಳೆಯುತ್ತಿದ್ದರು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಅವರು ಕಳ್ಳರಾಗಿರಲಿ, ಪೊಲೀಸಿನವರಾಗಿರಲಿ, ನಿನ್ನೆ ತಾನೇ ಜಗಳವಾಡಿ ಕಲ್ಲು ತೂರಿದವರಾಗಿರಲಿ. ಬಾಣಂತಿಯರು, ಮೇಲೇಳಲಾರದ ಮುದುಕರು ಎಳೆದ ಲೆಕ್ಕವೇ. ಮೀನನ್ನು ಮರಳಿನ ಮೇಲೆ ಗುಡ್ಡೆ ಗುಡ್ಡೆ ಮಾಡಿದ ಮೇಲೆ ಅಡಾಸಾ ಅವಕ್ಕೆ ಬೆನ್ನು ಹಾಕಿ ಕಡಲಿಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಇನ್ನೊಬ್ಬರು ಒಂದು ಗುಡ್ಡೆಗೆ ಬೆರಳು ತೋರಿಸಿ ‘ಇದು ಯಾರದು’ ಎಂದರೆ, ನೋಡದೆಯೇ ಅವಳು ಒಂದು ಹೆಸರು ಹೇಳಬೇಕು. ದೊಡ್ಡದು ಚಿಕ್ಕದು ಎಂಬ ತಕರಾರಿಗೆ ಎಡೆಯಿಲ್ಲ. ಒಮ್ಮೆ ಪಾದ್ರಿ ಬೋಗುಣಿ ಹಿಡಿದು ಬಂದು ದೇವರ ಪಾಲು ಕೇಳಿದ. ಅಡಾಸಾ ತಿರುಗಲಿಲ್ಲ. ‘ದೇವರು ಎಳೆದದ್ದನ್ನ ಯಾರಾದ್ರೂ ನೋಡುದ್ರಾ?’ ಎಂದಳು. ಮಾರನೆಯ ವಾರ ಪಾದ್ರಿ ನಿಲುವಂಗಿ ಎತ್ತಿಕಟ್ಟಿ ಹಗ್ಗಕ್ಕೆ ಕೈ ಹಾಕಿದ್ದ.

ಈಗ ಆ ಹಗ್ಗಕ್ಕೆ ಬಣ್ಣದ ರಿಬ್ಬನ್ನು ಸುತ್ತಿದ್ದರು. ಬಲೆಯ ಯಜಮಾನನಾಗಿದ್ದ ಸೆಪ್ಟಿಮಸ್ ಮಾಮ ಪಟ್ಟೆ ಅಂಗಿ ತೊಟ್ಟು ಹಗ್ಗದ ಮುಂದಿದ್ದ. ಎರಡೂ ಕಣ್ಣು ನೆಟ್ಟಗಿದ್ದ ಅವನ ಒಂದು ಕಣ್ಣಿಗೆ ಕರಿ ಬಟ್ಟೆ ಕಟ್ಟಿದ್ದರು. ದಾಸವಾಳದ ಬೇಲಿಯ ಹಿಂದೆ ಊರವರು ಬಂದು ನಿಲ್ಲುವುದು ಎಲೆಗಳ ಸಂದಿಯಲ್ಲಿ ಕಾಣುತ್ತಿತ್ತು. ಬಲೆ ಎಳೆಯುವ ಹೊತ್ತಿಗೆ ಅವರು ದಿನವೂ ಬರುತ್ತಾರೆಂದು ತೋರಿತು. ಏನೂ ಸಿಗದಿದ್ದರೂ ಕಾಲಿಗೆ ಅಭ್ಯಾಸ ತಪ್ಪಿರಲಿಲ್ಲ.

ಗ್ಯಾರಿಕ್ ಮೈಕು ಹಿಡಿದ. “ಈ ಮುಗ್ಧ ಜನರಲ್ಲಿ ಹಿಂದೆ ಒಂದು ಸುಂದರ ಪದ್ಧತಿಯಿತ್ತು. ಹಗ್ಗ ಮುಟ್ಟಿದ ಪ್ರತಿಯೊಬ್ಬರಿಗೂ ಸಮನಾದ ಪಾಲು. ಬನ್ನಿ, ಇಂದು ನೀವೂ ಬೆಸ್ತರಾಗಿ.”

“ನನ್ನನ್ನು ಅಲ್ಲಿಗೆ ತಳ್ಳು,” ಎಂದಳು ಮಿಸೆಸ್ ಥರ್ಲೋ.

“ಮರಳಿನಲ್ಲಿ ಗಾಲಿ ಹೂತುಹೋಗುತ್ತೆ ಮೇಡಂ.”

“ಹೂತರೆ ತೆಗೆಯೋಕೆ ನೀನಿದ್ದೀಯಲ್ಲ.”

ಐಸಿಲ್ಡಾ ತಳ್ಳಿದಳು. ಬಣ್ಣದ ಚಡ್ಡಿಗಳ, ಎಣ್ಣೆ ಹಚ್ಚಿದ ಬೆನ್ನುಗಳ ನಡುವೆ ಮುದುಕಿಯ ಎರಡು ಕೈ ಹಗ್ಗ ಹಿಡಿದವು. ಒಬ್ಬೊಬ್ಬರು ಒಂದೊಂದು ಕಡೆ ಎಳೆದರು. ಯಾರೋ ಬಿದ್ದರು, ಎಲ್ಲರೂ ನಕ್ಕರು. ಬಲೆ ಅಲ್ಲಾಡಲಿಲ್ಲ. ಹಗ್ಗ ಐಸಿಲ್ಡಾಳ ಸೊಂಟಕ್ಕೆ ತಾಗುತ್ತಿತ್ತು. ಅವಳು ಹಿಡಿಯಬೇಕೆಂದುಕೊಳ್ಳಲಿಲ್ಲ. ಕೈ ಹಿಡಿಯಿತು, ಹಿಮ್ಮಡಿ ಮರಳಿಗೆ ನಾಟಿತು, ಬೆನ್ನು ಹಿಂದಕ್ಕೆ ಬಾಗಿತು. ಬಾಯಿಂದ ಬಂದ ಕೂಗು ಎಷ್ಟು ದೊಡ್ಡದಿತ್ತೆಂದರೆ ಪಕ್ಕದವನೊಬ್ಬ ಬೆಚ್ಚಿಬಿದ್ದ.

“ಎಳೀರೋ, ಐಸಾ.”

ಸೆಪ್ಟಿಮಸ್ ಮಾಮ ಕಣ್ಣಿನ ಬಟ್ಟೆ ಮೇಲೆತ್ತಿ ತಿರುಗಿ ನೋಡಿದ. “ಅಡಾಸಾಳ ಗಂಟ್ಲು ಅದು,” ಎಂದ ತನ್ನಷ್ಟಕ್ಕೆ. ಆಮೇಲೆ ಕೂಗಿಗೆ ಕೂಗು ಕೊಟ್ಟ. ವೇಷ ಹಾಕಿದ ಹೆಂಗಸರೂ ಕೊಟ್ಟರು. ಬೇಲಿಯ ಹಿಂದಿನಿಂದಲೂ ಬಂತು, ಐಸಾ, ಐಸಾ. ಹಗ್ಗಕ್ಕೆ ಒಂದೇ ಉಸಿರು ಬಂದು, ಬಲೆ ದಡ ಹತ್ತಿತು.

ಒಳಗೆ ಡೀಕನ್ನನೂ ಅವನ ಪರಿವಾರವೂ ಇನ್ನೂ ಅರ್ಧ ಹಿಮವಾಗಿ ಬಿದ್ದಿದ್ದವು. ಜನ ಚಪ್ಪಾಳೆ ತಟ್ಟಿದರು. ಗ್ಯಾರಿಕ್ ಎಲ್ಲರಿಗೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಪ್ಲಾಸ್ಟಿಕ್ ಮೀನು ಹಂಚುತ್ತ ಬಂದ.

“ಇದು ಮೀನಲ್ಲ,” ಎಂದಳು ಮಿಸೆಸ್ ಥರ್ಲೋ.

“ನೆನಪಿನ ಕಾಣಿಕೆ ಮೇಡಂ.”

“ನೀವು ಪಾಲು ಅಂದಿರಿ. ನಾನು ಎಳೆದಿದ್ದೇನೆ, ನನ್ನ ಕೈ ನೋಡಿ. ನನಗೆ ಬರಬೇಕಾದ್ದನ್ನು ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ನನ್ನ ಎರಡನೇ ಗಂಡನನ್ನು ಕೇಳಿ.”

ಸುತ್ತಲಿನವರು ನಕ್ಕರು. ‘ಹೌದು, ನಮ್ಮ ಪಾಲೆಲ್ಲಿ’ ಎಂದು ಯಾರೋ ಕೂಗಿದರು. ಫೋನುಗಳು ಮೇಲೆದ್ದವು. ಗ್ಯಾರಿಕ್‌ನ ನಗು ಅಗಲವಾಯಿತು. “ಮೇಡಂಗೆ ಒಂದು ಮೀನು ಕೊಡಮ್ಮ,” ಎಂದ ಯೂಲಾಲಿಯ ಕಡೆ ನೋಡದೆ.

ಯೂಲಾಲಿ ಬಕೆಟ್ಟು ಹಿಡಿದು ನಿಂತೇ ಇದ್ದಳು. ಅವಳ ಮುಖ ನೋಡಿ ಐಸಿಲ್ಡಾಗೆ ಭಯವಾಯಿತು. ಹತ್ತಿರ ಹೋಗಿ ಮೆಲ್ಲನೆ, “ಬ್ಯಾಡ ಅಕ್ಕ. ಚೀಟಿ,” ಎಂದಳು.

“ನೀನೇ ಅಲ್ವಾ ಕೂಗಿದ್ದು,” ಎಂದಳು ಯೂಲಾಲಿ. “ಕೂಗಿದ್ಮೇಲೆ ಎಳೆದ್ರು. ಎಳೆದ್ಮೇಲೆ ಸುಮ್ನೆ ಪೆಟ್ಟಿಗೇಲಿ ಮುಚ್ಚಿಡೋಕೆ ನಮ್ಮವ್ವ ಹೇಳ್ಕೊಟ್ಟಿಲ್ಲ.” ಗ್ಯಾರಿಕ್‌ಗೆ ಕೇಳುವ ಹಾಗೆ, “ಒಂದು ಕೊಡಾಕಾಗಾಕಿಲ್ಲ ಸಾರ್. ಕೊಟ್ರೆ ಪಾಲು ಹಾಕೇ ಕೊಡ್ಬೇಕು,” ಎಂದಳು. ಬಲೆಯಲ್ಲಿದ್ದುದನ್ನೆಲ್ಲ ಬಾಚಿ ಮರಳಿನ ಮೇಲೆ ಗುಡ್ಡೆ ಗುಡ್ಡೆ ಮಾಡಿದಳು. ಆಮೇಲೆ ಕಡಲಿಗೆ ಮುಖ ಮಾಡಿ ನಿಂತು, ತಿರುಗದೆಯೇ ಹೇಳಿದಳು, “ತೋರ್ಸು ಸಿಲ್ಡಾ.”

ಐಸಿಲ್ಡಾ ಮೊದಲ ಗುಡ್ಡೆಗೆ ಬೆರಳಿಟ್ಟಳು. “ಇದು ಯಾರದು?”

“ಗಾಲಿಕುರ್ಚಿ ಮುದುಕಮ್ಮಂದು.”

ಮಿಸೆಸ್ ಥರ್ಲೋ ಮಡಿಲು ಒಡ್ಡಿದಳು. ಜನ ಹೋ ಎಂದರು.

“ಇದು?”

“ಸೆಪ್ಟಿಮಸ್ ಮಾಮಂದು.”

“ಇದು?”

“ವಿನೆಟ್ಟಿಂದು.”

ದಡದಲ್ಲಿ ಯಾರೂ ಮುಂದೆ ಬರಲಿಲ್ಲ. ಆಮೇಲೆ ದಾಸವಾಳದ ಎಲೆಗಳ ಹಿಂದಿನಿಂದ ಹೆಣ್ಣು ದನಿಯೊಂದು ಬಂತು. “ಇಲ್ಲಿದೀನಿ ಯೂಲಿ.” ಬೇಲಿಯ ಮೇಲಿಂದ ಎರಡು ಕಪ್ಪು ಕೈ ಮೇಲೆದ್ದವು. ಸೆಪ್ಟಿಮಸ್ ಮಾಮ ಮೀನನ್ನು ಅಂಗಿಯಲ್ಲಿ ಕಟ್ಟಿಕೊಂಡು ಹೋಗಿ ಆ ಕೈಗಳಿಗೆ ಹಾಕಿ ಬಂದ. ಪ್ರವಾಸಿಗಳಿಗೆ ಇದು ಬಹಳ ಹಿಡಿಸಿತು. ಯೂಲಾಲಿ ಹೆಸರು ಹೇಳುತ್ತ ಹೋದಳು. ಕುಂಟ ಹಬರ್ಟ್, ಅವನ ಬಾಣಂತಿ ಮಗಳು, ಹಗ್ಗ ಹಿಡಿದಿದ್ದ ನೀಲಿ ಚಡ್ಡಿಯವನು, ಬೋಳುತಲೆಯವನ ಹೆಂಡತಿ. ಪ್ರತಿ ಹೆಸರಿಗೂ ದಡದಿಂದಲೋ ಬೇಲಿಯ ಆಚೆಯಿಂದಲೋ ‘ಇಲ್ಲಿದೀನಿ’ ಬಂತು.

“ಪಾಪ, ಮ್ಯಾನೇಜರ್‌ಗೆ ಇಲ್ಲವಾ?” ಎಂದಳೊಬ್ಬ ಹುಡುಗಿ.

“ಅವ್ರು ಹಗ್ಗ ಮುಟ್ಟಿಲ್ಲ,” ಎಂದಳು ಯೂಲಾಲಿ ಕಡಲಿಗೆ.

ಒಂದೇ ಗುಡ್ಡೆ ಉಳಿಯಿತು. ಐಸಿಲ್ಡಾ ಅದರ ಮೇಲೆ ಬೆರಳಿಟ್ಟಳು. ಹಗ್ಗ ಎಳೆದವರಲ್ಲಿ ಹೆಸರು ಬಾರದೆ ಉಳಿದವಳು ತಾನೊಬ್ಬಳೇ. ತನ್ನನ್ನು ಅಕ್ಕ ಯಾವ ಹೆಸರಿನಿಂದ ಕರೆಯುತ್ತಾಳೆ? ಬೂದಿ ಪಟ್ಟಿಯವಳು ಎಂದೇ? ನರ್ಸಮ್ಮ ಎಂದೇ?

“ಇದು ಯಾರದು?”

 ಅಲೆ ಬಂದು ಯೂಲಾಲಿಯ ಪಾದ ತೊಳೆದು ಹೋಯಿತು.

“ಅವ್ವಂದು,” ಎಂದಳು. “ನೀನೇ ತಗೊಂಡೋಗಿ ಕೊಡು.”

ಚಪ್ಪಾಳೆ ಬಿದ್ದವು. ಜನ ಹೆಂಡದಂಗಡಿಯ ಕಡೆಗೆ ಚದುರಿದ ಮೇಲೆ ಗ್ಯಾರಿಕ್ ಮೈಕು ಆರಿಸಿ ಹತ್ತಿರ ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕಾಚಾರವಿತ್ತು.

“ಚೆನ್ನಾಗಿತ್ತು. ಬೆನ್ನು ತಿರುಗಿಸಿ ನಿಲ್ಲೋದಂತೂ ಎಲ್ಲರಿಗೂ ಹಿಡಿಸಿತು. ಮಧ್ಯಾಹ್ನದ ಹಡಗಿಗೂ ಇದನ್ನೇ ಮಾಡು. ಈಗ ಬೇಲಿ ಆಚೆ ಹೋದ ಮೀನನ್ನ ವಾಪಸ್ ತರಿಸು.”

“ಪಾಲು ಹಾಕಿದ್ದು ವಾಪಸ್ ಬರಾಕಿಲ್ಲ ಸಾರ್.”

“ಅದು ಕಂಪನಿ ಮೀನು.”

“ಮೈಕಲ್ಲಿ ಬ್ಯಾರೆ ಹೇಳಿದ್ರಿ.”

“ಮೀನು ವಾಪಸ್ ಬರಬೇಕು, ಇಲ್ಲಾ ಚೀಟಿ ವಾಪಸ್ ಬರಬೇಕು. ಯಾವುದು ಹೇಳು.”

ಯೂಲಾಲಿ ತಲೆಯ ರುಮಾಲಿನ ಮೇಲಿಂದ ಚೀಟಿಯ ದಾರ ತೆಗೆದಳು. ಗ್ಯಾರಿಕ್ ಚಾಚಿದ ಅಂಗೈಯಲ್ಲಿಟ್ಟಳು. ಕೆಲಸದವರು ಇಳಿಯಬಾರದೆಂಬ ನೀರಿಗೆ ಮೊಣಕಾಲುದ್ದ ಇಳಿದು, ಬಗ್ಗಿ, ಎರಡೂ ಕೈ ತುಂಬ ನೀರೆತ್ತಿ ಮುಖ ತೊಳೆದುಕೊಂಡಳು. ಇನ್ನೊಮ್ಮೆ ತೊಳೆದುಕೊಂಡಳು. ಲಂಗ ಹಿಂಡುತ್ತ ದಡಕ್ಕೆ ಬಂದು, ಯಾರ ಕಡೆಗೂ ನೋಡದೆ ಊರಿನ ಗೇಟಿನತ್ತ ನಡೆದಳು.

ಹಡಗು ಒಮ್ಮೆ ಕೂಗಿತು. ಮಿಸೆಸ್ ಥರ್ಲೋಳ ಮಡಿಲಲ್ಲಿ ಮೀನು ಕರಗಿ ಅವಳ ಬಿಳಿ ಉಡುಪು ಒದ್ದೆಯಾಗುತ್ತಿತ್ತು. ಗ್ಯಾರಿಕ್ ಅದನ್ನು ತೆಗೆದುಕೊಳ್ಳಲು ಕೈ ಮುಂದೆ ಮಾಡಿದ. ಅವಳು ಆ ಕೈಗೆ ಚಟ್ಟನೆ ಹೊಡೆದಳು.

ಐಸಿಲ್ಡಾ ಗಾಲಿಕುರ್ಚಿಯ ಬ್ರೇಕು ಹಾಕಿದಳು. ಮುದುಕಿಯ ಟೋಪಿ ಸರಿಮಾಡಿ, ನೀರಿನ ಬಾಟಲಿಯನ್ನು ಕೈಗೆಟಕುವಂತೆ ಇಟ್ಟಳು. ಜೇಬಿನ ಡಬ್ಬಿ ತೆಗೆದು ಗ್ಯಾರಿಕ್‌ನ ಕೈಗೆ ಕೊಟ್ಟಳು.

“ಊಟದ ಜೊತೆ ಬಿಳಿ ಮಾತ್ರೆ ಸರ್. ಬಗ್ಗಿ ಮಾತಾಡಿ, ಎಡಗಿವಿ ಕೇಳಲ್ಲ. ಹಡಗು ಹತ್ತಿಸೋವಾಗ ಹಿಮ್ಮುಖವಾಗಿ ಎಳೀಬೇಕು, ಇಲ್ಲಾಂದ್ರೆ ಬಯ್ತಾರೆ.”

“ಎಲ್ಲಿಗೆ ಹೊರಟೆ ಐಸಿಲ್ಡಾ?”

“ಮನೇಲೊಂದು ಕೆಲಸ ಇದೆ ಮೇಡಂ.”

“ಯಾರ ಮನೇಲಿ?”

“ನಮ್ಮನೇಲಿ.”

ಮಿಸೆಸ್ ಥರ್ಲೋಳ ಬಾಯಿ ಸ್ವಲ್ಪ ತೆರೆಯಿತು. “ನಿನಗೆ ಮನೆ ಇತ್ತಾ?” ಎಂದಳು, ನಿಜವಾಗಿ ತಿಳಿಯದೆ. ಐಸಿಲ್ಡಾ ಅವ್ವನ ಪಾಲನ್ನು ನಿಲುವಂಗಿಯ ಮುಂಭಾಗದಲ್ಲಿ ಎತ್ತಿಕೊಂಡಳು. ಹಿಂದಿನಿಂದ ಮುದುಕಿಯ ದನಿ ಕೇಳಿಸಿತು, ಅದು ಗ್ಯಾರಿಕ್‌ಗೆ. “ನಿಂತು ನೋಡ್ತಾ ಇದ್ದೀರಲ್ಲ. ನೆರಳಿಗೆ ತಳ್ಳಿ.”

ಗೇಟಿನಲ್ಲಿ ಆರ್ವಿಲ್ ನಿಂತಿದ್ದ. ಯೂಲಾಲಿ ಅವನೆದುರು ಕೆಂಪು ಲಂಗದ ದಾರ ಬಿಚ್ಚಿ, ಕೆಳಗೆ ಬಿಟ್ಟು, ಅದರಿಂದ ಆಚೆ ಹೆಜ್ಜೆಯಿಟ್ಟಳು. ಒಳಗೆ ಅವಳ ಮಾಸಿದ ಮನೆಯುಡುಪು ಇತ್ತು. “ನೋಡ್ಕೊಳಪ್ಪ,” ಎಂದು ಅದರ ಅಂಚನ್ನೂ ಮೊಣಕಾಲಿನ ಮೇಲೆ ಎತ್ತಿದಳು. “ಚೆನ್ನಾಗಿ ನೋಡ್ಕೊ. ನಾಳೆಯಿಂದ ಸಿಗಾಕಿಲ್ಲ.” ಆರ್ವಿಲ್ ಮುಖ ಬೇರೆ ಕಡೆ ತಿರುಗಿಸಿದ. ಅವಳು ದಾಟಿದಳು.

ಐಸಿಲ್ಡಾಗೆ ಮಾತ್ರ ಅವನು ಕೈ ಅಡ್ಡ ಹಿಡಿದ. “ಅಮ್ಮ, ಈ ಗೇಟು ದಾಟುದ್ರೆ ಆ ಪಟ್ಟಿ ಸತ್ತೋಯ್ತದೆ. ಆಮ್ಯಾಕೆ ಹಡಗಿನೋರು ಹತ್ತಿಸ್ಕಳಾಕಿಲ್ಲ. ನಿಮ್ಮ ಸಾಮಾನೆಲ್ಲ ಅಲ್ಲೇ ಐತೆ, ಅಲ್ವಾ?”

ಸಾಮಾನು. ಹಡಗಿನಲ್ಲಿ ಒಂದು ಚೀಲ. ಟೊರಾಂಟೋದಲ್ಲಿ ಮಿಸೆಸ್ ಥರ್ಲೋಳ ಮನೆಯ ನೆಲಮಾಳಿಗೆ, ಬಿಸಿನೀರಿನ ಯಂತ್ರದ ಪಕ್ಕದ ಮಂಚ, ರಾತ್ರಿಯೆಲ್ಲ ಮುದುಕಿಯ ಉಸಿರು ಕೇಳಿಸುವ ಪುಟ್ಟ ಪೆಟ್ಟಿಗೆ. ಅರ್ಧ ತುಂಬಿದ, ಈ ವರ್ಷದ ಪೀಪಾಯಿ. ಐಸಿಲ್ಡಾ ಅಷ್ಟನ್ನೂ ಒಮ್ಮೆ ಕಣ್ಣೆದುರು ತಂದುಕೊಂಡಳು. ಹಡಗು ಎರಡನೆಯ ಸಲ ಕೂಗಿತು. ಅವಳು ಆರ್ವಿಲ್ಲನ ತೋಳಿನ ಕೆಳಗೆ ಬಗ್ಗಿ ಆಚೆ ನಡೆದಳು. ಗೇಟಿನ ಯಂತ್ರ ಕೀಂಯ್ ಎಂದು ಕಿರುಚತೊಡಗಿತು. ಅದನ್ನು ನಿಲ್ಲಿಸುವುದು ಹೇಗೆಂದು ಆರ್ವಿಲ್‌ಗೆ ಗೊತ್ತಿದ್ದಂತೆ ಕಾಣಲಿಲ್ಲ.

ಹೊರಗೆ ಕೆಂಪು ಧೂಳಿನ ದಾರಿ. ಊರವರು ಕರಗುತ್ತಿದ್ದ ಮೀನನ್ನು ಬಾಲ ಹಿಡಿದು ತೂಗಾಡಿಸುತ್ತ ಮನೆಗಳ ಕಡೆ ಹೋಗುತ್ತಿದ್ದರು. ತಿನ್ನಲು ಬರುವಂಥದಾಗಿರಲಿಲ್ಲ, ವಾಸನೆ ಆಗಲೇ ಎದ್ದಿತ್ತು. ಯಾರೂ ಬಿಸಾಡಲಿಲ್ಲ.

ಯೂಲಾಲಿ ಮುಂದೆ ಮುಂದೆ ನಡೆಯುತ್ತಿದ್ದಳು. ತಂಗಿ ಹಿಂದಿದ್ದಾಳೆಂದು ತಿಳಿದೂ ನಿಲ್ಲಲಿಲ್ಲ.

“ಅವ್ವನ ಗೋರಿ ಯಾವ ಕಡೆ ಗೊತ್ತಾ ನಿಂಗೆ?”

“ಇಲ್ಲ.”

“ಹಂಗಾದ್ರೆ ಹಿಂದೇ ಬಾ. ಉಡುಪು ಎತ್ತಿ ಹಿಡ್ಕೊ, ನೀರು ಸುರೀತಾ ಐತೆ. ಬೆಕ್ಕುಗಳು ಬಂದಾವು.”